ಓರಗಿತ್ತಿಯ ನುಗ್ಗೆಮರ

ನನ್ನ ಓರಗಿತ್ತಿಯ ಮನೆ ಕುಶಾಲನಗರದಲ್ಲಿ. ಹಿತ್ತಲಲ್ಲಿ ನುಗ್ಗೆಮರ, ಬೆಳಿಗ್ಗೆ ಎದ್ದರೆ ಗೇಟಿನ ಮುಂದೆ ತರಕಾರಿ ಗಾಡಿ. ಆ ಮರ ಕಂಡರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ನಾವಿರುವುದು ಸೋಮವಾರಪೇಟೆ ಕಡೆಯ ಕಾಫಿ ಎಸ್ಟೇಟಿನಲ್ಲಿ, ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಲೈನ್‌ಮನೆಯಲ್ಲಿ. ಸಂತೆ ಸೋಮವಾರ, ನಮಗೆ ರಜೆ ಭಾನುವಾರ. ಕೆಲಸ ಮುಗಿಸಿ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಸಂತೆಯಲ್ಲಿ ಬಾಡಿದ ಸೊಪ್ಪಿನ ಕಟ್ಟುಗಳಷ್ಟೇ ಉಳಿದಿರುತ್ತವೆ. ತೋಟದೊಳಗೆ ಕೆಸ, ಒಂದೆಲಗ ಕಿತ್ತು ತರುತ್ತಿದ್ದ ಕಾಲವೂ ಹೋಯಿತು. ಈಗ ಕಳೆಗೆ ಔಷಧಿ ಹೊಡೆಯುತ್ತಾರೆ, ಏನನ್ನೂ ಕೀಳಬೇಡಿ ಎಂದು ಕೆಲಸ ನೋಡಿಕೊಳ್ಳುವ ರೈಟರೇ ಹೇಳುತ್ತಾರೆ.

ಹೋದ ವರ್ಷ ಮಗಳಿಗೆ ರಕ್ತ ಕಡಿಮೆಯಿದೆ, ಸೊಪ್ಪು, ಮೊಟ್ಟೆ ಚೆನ್ನಾಗಿ ಕೊಡಿ ಎಂದು ಡಾಕ್ಟರು ಹೇಳಿದರು. ಮೊಟ್ಟೆ ಹತ್ತಿರದ ಅಂಗಡಿಯಲ್ಲೇ ಸಿಗುತ್ತಿತ್ತು. ಸೊಪ್ಪಿನ ಮಾತೆತ್ತಿದ್ದಕ್ಕೆ ಓರಗಿತ್ತಿ, "ಮನಸ್ಸು ಮಾಡ್ಬೇಕು ಅಷ್ಟೆ ಅಕ್ಕ. ಒಂದು ನುಗ್ಗೆ ಕೊಂಬೆ ನೆಟ್ರೆ ವರ್ಷಪೂರ್ತಿ ಸೊಪ್ಪು," ಎಂದಳು.

ಮನಸ್ಸು ಮಾಡದೆ ಇದ್ದೆನೇ? ಅವಳ ಮರದ ಕೊಂಬೆಯನ್ನೇ ತಂದು ಬಚ್ಚಲಿನ ಪಕ್ಕ ನೆಟ್ಟೆ. ಬೇಸಿಗೆಯಲ್ಲಿ ಚಿಗುರಿತು, ಲೈನಿನವರನ್ನೆಲ್ಲ ಕರೆದು ತೋರಿಸಿದೆ. ಜುಲೈ ಮಳೆಗೆ ಬುಡವೇ ಕೊಳೆಯಿತು. ಕುಶಾಲನಗರದಲ್ಲಿ ನಾಲ್ಕು ಹನಿ ಬಿದ್ದು ಬಿಸಿಲು ಬರುತ್ತದೆ. ನಮ್ಮಲ್ಲಿ ಒಗೆದ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ. ಅವಳಿಗೆ ಹೇಳಿದರೆ, ಬುಡಕ್ಕೆ ಬೂದಿ ಹಾಕಲಿಲ್ಲವಾ ಎಂದು ಕೇಳಿದಳು. ಹಾಕಿದ್ದೆ.

ದಸರಾ ರಜೆಗೆ ಓರಗಿತ್ತಿ ಮಗಳನ್ನು ತಾನೇ ಕರೆದುಕೊಂಡು ಹೋದಳು. ರಜೆ ಮುಗಿದು ಕರೆತರಲು ಹೋದಾಗ ಮಗಳ ಕೆನ್ನೆ ತುಂಬಿತ್ತು. ಅಲ್ಲೇ ರಕ್ತ ಪರೀಕ್ಷೆ ಮಾಡಿಸಿದರೆ ಅದೂ ಏರಿತ್ತು. ಖುಷಿಪಡಬೇಕಾದ ತಾಯಿ ನಾನು, ಬಸ್ಸಿನಲ್ಲಿ ಮುಖ ಊದಿಸಿಕೊಂಡು ಕೂತೆ. ಹೆತ್ತವಳು ನಾನು, ಮಗುವಿನ ಮೈಗೆ ರಕ್ತ ತುಂಬಿಸಿದವಳು ಅವಳು. ಅವಳು ಕಟ್ಟಿಕೊಟ್ಟ ನುಗ್ಗೆಸೊಪ್ಪಿನ ಚೀಲವನ್ನು ಬಸ್ಸಿನಲ್ಲೇ ಬಿಟ್ಟು ಇಳಿಯೋಣ ಅನ್ನಿಸಿತು. ಆದರೆ ಮಗಳು ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

ಮನೆಗೆ ಬಂದು ಅದೇ ಸೊಪ್ಪಿನ ಬಸ್ಸಾರು ಮಾಡಿ ಮುದ್ದೆ ತಿರುವಿದೆ. ಬೇರೆ ದಿನ ಸೊಪ್ಪನ್ನು ತಟ್ಟೆಯ ಅಂಚಿಗೆ ತಳ್ಳುವ ಮಗಳು ಅವತ್ತು ಬಳಿದು ಉಂಡಳು.

"ಥೇಟ್ ಚಿಕ್ಕಮ್ಮ ಮಾಡ್ದಂಗೇ ಐತೆ ಅಮ್ಮ," ಎಂದಳು.

ಎದೆಯೊಳಗೆ ಕೆಂಡ ಇಟ್ಟಂತಾಯಿತು. ಇನ್ನೊಂದು ಸೌಟು ಬಡಿಸಿದೆ.

"ಈ ಸೊಪ್ಪು ಮುಗೀಲಿ," ಎಂದೆ, "ಭಾನುವಾರ ಚಿಕ್ಕಮ್ಮನ ಮನೆಗೆ ಹೋಗಿ ತರೋಣ."