ರಕ್ತ ಒಪ್ಪುವವರೆಗೆ

ಪ್ರಯೋಗಾಲಯದಲ್ಲಿ ಆಕೆಗೆ ರಕ್ತದಕ್ಕ ಎಂದೇ ಹೆಸರು. ದವಡೆಯಿಲ್ಲದ, ಹಾವಿನಂಥ ಮೀನುಗಳನ್ನು ಇಪ್ಪತ್ತಾರು ವರ್ಷ ಸಾಕಿದವಳು. ಆ ಮೀನಿನ ಕೆಂಪು ರಕ್ತಕಣಗಳಿಗೆ ಎಂಥ ಹಟ ಅಂತೀರಿ! ಉಪ್ಪು ಕಡಿಮೆಯಿರುವ ನೀರಿಗೆ ಬಿಟ್ಟರೆ ಉಬ್ಬುತ್ತವೆ. ಗಂಟೆ ಎರಡು ಗಂಟೆಯೊಳಗೆ ತಮ್ಮೊಳಗಿನ ಉಪ್ಪನ್ನು ಹೊರದೂಡಿ ಮೊದಲಿನ ಗಾತ್ರಕ್ಕೆ ಮರಳುತ್ತವೆ. ಹೊರಗಿನ ನೀರಿಗೆ ಆಮ್ಲ ಬೆರೆಸಿ ಹುಳಿ ಹೆಚ್ಚಿಸಿದರೂ ಒಳಗೆ ಏರಗೊಡುವುದಿಲ್ಲ. ಮೀನು ಸತ್ತು ತಣ್ಣಗಾಗಿದ್ದರೂ ಕೊಳವೆಯಲ್ಲಿಟ್ಟ ರಕ್ತ ಈ ಕೆಲಸ ಬಿಡುವುದಿಲ್ಲ. ಅದನ್ನು ಮೊದಲ ಸಲ ಕಂಡಾಗ ಅವಳ ಮೈ ಜುಮ್ಮೆಂದಿತ್ತು.

ಅಂದಿನಿಂದ ಅವಳದೊಂದು ಕಟ್ಟಳೆ: ಕಣಗಳು ಉಬ್ಬಿದಂತೆಯೇ ಉಳಿಯುವವರೆಗೆ ಸತ್ತ ಮೀನನ್ನು ಸುಡುವಂತಿಲ್ಲ.

"ಅಕ್ಕೋ, ನಾರ್ತಾ ಇದೆ, ಒಲೆಗೆ ಹಾಕ್ಲಾ?" ಎಂದು ಸತ್ತ ಮೀನು ಸುಡುವ ಒಲೆಯವನು ಮೂಗು ಮುಚ್ಚುತ್ತಿದ್ದ.

"ಸುಮ್ನಿರಯ್ಯಾ. ಅದರ ರಕ್ತ ಇನ್ನೂ ಸಾವನ್ನ ಒಪ್ಪಿಲ್ಲ."

ಇಪ್ಪತ್ತಾರನೇ ವರ್ಷ ಅವಳ ತಮ್ಮ ಏಣಿಯಿಂದ ಬಿದ್ದ. ಹದಿನೇಳು ದಿನ ಯಂತ್ರವೇ ಅವನ ಉಸಿರು. ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳೇ. ಯಂತ್ರ ನಿಲ್ಲಿಸಲು ಸಹಿ ಹಾಕಬೇಕಾದವಳೂ ಇವಳೇ.

"ಆಸೆ ಕಡಿಮೆ. ಅವಸರ ಇಲ್ಲ, ಯೋಚ್ನೆ ಮಾಡಿ," ಎಂದರು ವೈದ್ಯರು.

ಅವಳಿಗೆ ತಿಳಿದ ಯೋಚನೆ ಒಂದೇ. ನರ್ಸಮ್ಮನನ್ನು ಕಾಡಿ ಬೇಡಿ ತಮ್ಮನ ರಕ್ತ ಒಂದಿಷ್ಟು ಪಡೆದು, ಮಟಮಟ ಮಧ್ಯಾಹ್ನ ಪ್ರಯೋಗಾಲಯಕ್ಕೆ ಓಡಿದಳು. ಮೀನಿನ ರಕ್ತ ಬಿಡುವ ಅದೇ ಕಡಿಮೆ ಉಪ್ಪಿನ ನೀರಿಗೆ ಬಿಟ್ಟಳು. ಕಣಗಳು ಉಬ್ಬಿದವು. ಒಂದು ಗಂಟೆ, ಎರಡು, ಮೂರು. ಕಣ್ಣು ಸೂಕ್ಷ್ಮದರ್ಶಕಕ್ಕೆ ಅಂಟಿತ್ತು. ಒಂದೂ ಮರಳಲಿಲ್ಲ.

"ಹೋಗ್ಬಿಟ್ಯೇನೋ ಮಗಾ," ಎಂದು ಬಿಕ್ಕಿದಳು. ಸಂಜೆ ಹೋಗಿ ಸಹಿ ಹಾಕಿದಳು. ಯಂತ್ರ ನಿಂತ ಮೇಲೂ ಅವನು ತಾನಾಗಿಯೇ ನಲವತ್ತು ನಿಮಿಷ ಉಸಿರಾಡಿದ.

ವಾರದ ಮೇಲೆ ಕೆಲಸಕ್ಕೆ ಬಂದಳು. ಕೊಳವೆ ತೊಳೆಯುವಾಗ ಗಾಜು ಒಡೆದು ಬೆರಳು ಕುಯ್ದಿತು. ಏನು ಅನ್ನಿಸಿತೋ, ಆ ಹನಿಯನ್ನೂ ಅದೇ ನೀರಿಗೆ ಬಿಟ್ಟು ಕೂತಳು. ಕಣಗಳು ಉಬ್ಬಿದವು. ಮೂರು ಗಂಟೆಯಾಯಿತು. ಉಬ್ಬಿಕೊಂಡೇ ಇದ್ದವು.

ಬದುಕಿರುವ ಮನುಷ್ಯರ ರಕ್ತಕ್ಕೂ ಆ ಮೀನಿನ ವಿದ್ಯೆ ಬಾರದು! ಇಪ್ಪತ್ತಾರು ವರ್ಷ ಮೀನಿನ ರಕ್ತವನ್ನಷ್ಟೇ ನೋಡಿದವಳಿಗೆ ಇಷ್ಟು ಸಣ್ಣ ಮಾತು ಒಮ್ಮೆಯೂ ಹೊಳೆದಿರಲಿಲ್ಲ.

ಒಲೆಯವನು ಸತ್ತ ಮೀನಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಅಕ್ಕೋ, ಇದು ಸತ್ತಿದೆ ತಾನೆ? ಒಲೆಗೆ ಹಾಕ್ಲಾ?"

ಅವಳು ಕುಯ್ದ ಬೆರಳನ್ನು ಮುಷ್ಟಿಯಲ್ಲಿ ಅದುಮಿಕೊಂಡಳು.

"ನನ್ನ ಕೇಳ್ಬೇಡಪ್ಪಾ. ಇನ್ಮೇಲೆ ಯಾವತ್ತೂ ನನ್ನ ಕೇಳ್ಬೇಡ."