ಕತ್ತರಿಸಿ ಬಿಟ್ಟ ಹಸಿರು ತಂತಿ

ನಮ್ಮ ಅಪ್ಪನಿಗೆ ರಿಪೇರಿಯ ಹುಚ್ಚು. ಶೃಂಗೇರಿ ಪೇಟೆಯಲ್ಲಿ ಊದುಬತ್ತಿ, ಕರ್ಪೂರ ಮಾರುವ ಸಣ್ಣ ಅಂಗಡಿ ಅವನದು. ಮನಸ್ಸು ಮಾತ್ರ ಸದಾ ಸ್ಕ್ರೂಡ್ರೈವರಿನ ಮೇಲೆ. ಮನೆಯಲ್ಲಿ ಫ್ಯೂಸ್ ಹೋದರೆ ಅವನಿಗೆ ಹಬ್ಬ ಬಂದಷ್ಟು ಖುಷಿ. ಇಷ್ಟಕ್ಕೆಲ್ಲ ಎಲೆಕ್ಟ್ರಿಷಿಯನ್ನನ್ನು ಕರೆಸುವುದೆಂದರೆ ಮರ್ಯಾದೆ ಹೋದಂತೆ. ನಾನು ಒಬ್ಬಳೇ ಮಗಳು. ಅಪ್ಪನಿಗೆ ಬಾರದ ವಿದ್ಯೆಯೇ ಇಲ್ಲವೆಂದು ನಂಬಿ ಬೆಳೆದವಳು.

ಎರಡು ಸಾವಿರದ ಇಸವಿ ಕಳೆದ ಮೇಲೆ ಮನೆಗೆ ಗ್ರೈಂಡರ್ ಬಂತು. ಅಮ್ಮನಿಗೆ ರಟ್ಟೆ ನೋವು, ಒರಳಲ್ಲಿ ರುಬ್ಬುವುದು ಆಗುತ್ತಿರಲಿಲ್ಲ. ಗ್ರೈಂಡರಿನ ಪಿನ್ನಿಗೆ ಮೂರು ಕಾಲು, ನಮ್ಮ ಹಳೆಯ ಅಡುಗೆಮನೆಯ ಸಾಕೆಟ್ಟಿಗೆ ಎರಡೇ ತೂತು. ಅಪ್ಪ ಆ ಪಿನ್ನನ್ನು ಕಿತ್ತು ಎರಡು ಕಾಲಿನದನ್ನು ಹಾಕಿದ. ಒಳಗಿನ ಹಸಿರು ತಂತಿಯೊಂದು ಮಿಕ್ಕಿತು. ಇದು ಎಂತಕ್ಕೂ ಬೇಡ ಎಂದು ಅದನ್ನು ಕತ್ತರಿಸಿ ಟೇಪು ಸುತ್ತಿದ.

ಸ್ವಲ್ಪ ದಿನಕ್ಕೆ ಗ್ರೈಂಡರ್ ಮುಟ್ಟಿದರೆ ಕೈ ಜುಮ್ಮೆನ್ನತೊಡಗಿತು. ಪಿನ್ ತಿರುಗಿಸಿ ಹಾಕು, ಸರಿಹೋಗುತ್ತದೆ ಎಂದ ಅಪ್ಪ. ಕೆಲವು ದಿನ ಸುಮ್ಮನಿದ್ದು ಮತ್ತೆ ಹೊಡೆಯುತ್ತಿತ್ತು. ಅಡುಗೆಮನೆಯಲ್ಲಿ ಚಪ್ಪಲಿ ಹಾಕುವ ಮಾತೇ ಇಲ್ಲವಲ್ಲ, ಅದಕ್ಕೆ ಊಟಕ್ಕೆ ಕೂರುವ ಮರದ ಮಣೆಯೊಂದನ್ನು ತಂದು ಗ್ರೈಂಡರಿನ ಕಟ್ಟೆಯ ಮುಂದೆ ನೆಲದ ಮೇಲೆ ಹಾಕಿಕೊಟ್ಟ. ಅಮ್ಮ ಅದರ ಮೇಲೆ ನಿಂತು ರುಬ್ಬುವುದು ರೂಢಿಯಾಯಿತು. ಕಚ್ಚುವ ನಾಯಿಯನ್ನು ಮನೆಯೊಳಗೇ ಸಾಕಿಕೊಂಡ ಹಾಗೆ. ನಮ್ಮ ಬೀದಿಯಲ್ಲಿ ಇಂಥ ಮಣೆ ಇನ್ನೂ ಕೆಲವು ಮನೆಗಳಲ್ಲಿತ್ತು.

ಶ್ರಾವಣದಲ್ಲಿ ಅಜ್ಜಿಯ ತಿಥಿ. ಗ್ರೈಂಡರ್ ಮಡಿಗೆ ಸಲ್ಲುತ್ತದೆಯೇ ಎಂಬ ಚರ್ಚೆ ಮೊದಲ ವರ್ಷವೇ ಮುಗಿದಿತ್ತು; ಕಲ್ಲು ಯಾವುದಾದರೂ ಕಲ್ಲೇ, ತೊಳೆದರೆ ಸಾಕೆಂದು ಪುರೋಹಿತರು ತೀರ್ಪು ಕೊಟ್ಟಿದ್ದರು. ಮುಂದೊಂದು ವರ್ಷ ಮಳೆ ಹಿಡಿದು, ಒಗೆದು ಹಾಕಿದ ಮಡಿಸೀರೆ ಒಣಗಿರಲಿಲ್ಲ. ಒದ್ದೆಯುಟ್ಟರೂ ಮಡಿಯೇ ಎಂದು ಅಮ್ಮ ಸ್ನಾನ ಮಾಡಿ ನೀರು ಸೋರುವ ಸೀರೆಯಲ್ಲೇ ಅಡುಗೆಗೆ ನಿಂತಳು.

ಊಟಕ್ಕೆ ಕೂರುವವರಿಗೆ ಒಂದು ಮಣೆ ಕಡಿಮೆ ಬಿತ್ತು. ಅಪ್ಪ ಬಾಗಿಲಲ್ಲಿ ನಿಂತು ಹುಡುಕಾಡುತ್ತಿದ್ದಾಗ ಅಮ್ಮ ತಾನೇ ಕೆಳಗಿಳಿದು, ಕಾಲಡಿಯ ಮಣೆಯನ್ನು ತೊಳೆದು ಅವನ ಮುಂದಿಟ್ಟಳು.

"ನಿನಗೆ?" ಎಂದ ಅಪ್ಪ.

"ವಡೆಗೆ ಒಂಚೂರು ಉದ್ದು ರುಬ್ಬೂದು ಅಷ್ಟೆ. ಆಗ್ತದೆ, ತಗೊಂಡು ಹೋಗಿ."

ಅಪ್ಪ ತೆಗೆದುಕೊಂಡು ಹೋದ. ನಾನು ಹಿತ್ತಲಲ್ಲಿ ಬಾಳೆ ಎಲೆ ತೊಳೆಯುತ್ತಿದ್ದೆ. ಪಾತ್ರೆ ಬಿದ್ದ ಸದ್ದಾಯಿತು, ಬಂದು ನೋಡಿದರೆ ಅಮ್ಮ ಗ್ರೈಂಡರನ್ನು ಹಿಡಿದುಕೊಂಡೇ ಕುಸಿದಿದ್ದಳು, ಕಲ್ಲು ಇನ್ನೂ ತಿರುಗುತ್ತಿತ್ತು. ಮುಟ್ಟಬೇಡಿ ಎಂದು ಪುರೋಹಿತರು ಕೂಗಿದರು. ಅಪ್ಪ ಓಡಿ ಮೇನ್ ಸ್ವಿಚ್ ಇಳಿಸಿದ. ಜೀಪಿನಲ್ಲಿ ಆಸ್ಪತ್ರೆಗೆ ಒಯ್ದೆವು. ಡಾಕ್ಟರು ನಾಡಿ ನೋಡಿ ತಲೆ ಅಲ್ಲಾಡಿಸಿದರು.

ಶ್ರಾದ್ಧ ಅರ್ಧಕ್ಕೆ ನಿಂತಿತು. ಬಂದವರೆಲ್ಲ ಹಣೆಬರಹ ಎಂದರು. ಮುತ್ತೈದೆಯಾಗಿ, ಮಡಿಯಲ್ಲಿ ಹೋದಳು, ಪುಣ್ಯವಂತೆ ಎಂದರು. ನನಗೆ ಮೈಯೆಲ್ಲ ಉರಿಯಿತು. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಆ ಹಸಿರು ತಂತಿಯೊಂದು ಸರಿಯಾಗಿ ಇದ್ದಿದ್ದರೆ ಅಮ್ಮ ಇರುತ್ತಿದ್ದಳು, ಅದಕ್ಕೇಕೆ ಪುಣ್ಯದ ಹೆಸರು? ಅಪ್ಪನ ಮೇಲೆ ಕೂಗಾಡಬೇಕೆಂದಿದ್ದೆ. ಅವನ ಮುಖ ನೋಡಿ ಹಿತ್ತಲಿಗೆ ಹೋಗಿಬಿಟ್ಟೆ.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಅಪ್ಪ ತಾನೇ ಹೋಗಿ ಎಲೆಕ್ಟ್ರಿಷಿಯನ್ನನ್ನು ಕರೆತಂದ. ವೈರಿಂಗೆಲ್ಲ ಹೊಸದಾಯಿತು. ಹಿತ್ತಲಲ್ಲಿ ಗುಂಡಿ ತೋಡಿ, ಇದ್ದಿಲು, ಉಪ್ಪು ತುಂಬಿ, ಹಸಿರು ತಂತಿ ಸೇರುವ ಅರ್ಥಿಂಗಿನ ಪೈಪು ಹೂಳಿದರು. ಬೇಸಿಗೆಯಲ್ಲಿ ಇದಕ್ಕೆ ನೀರು ಹಾಕುತ್ತಿರಿ, ಮಣ್ಣು ಒಣಗಬಾರದು ಎಂದು ಹೇಳಿ ಅವನು ಹೋದ.

ಅಪ್ಪ ದಿನಾ ಬೆಳಿಗ್ಗೆ ಸ್ನಾನ ಮಾಡಿ ಒಂದು ಚೊಂಬು ನೀರು ಅಲ್ಲಿಗೆ ಹಾಕತೊಡಗಿದ. ಮರುವರ್ಷದಿಂದ ಅಜ್ಜಿಗೂ ಅಮ್ಮನಿಗೂ ಒಂದೇ ದಿನ ತಿಥಿ. ಆ ಮೊದಲ ವರ್ಷಾಂತಿಕದ ಬೆಳಿಗ್ಗೆ ಜಡಿಮಳೆ. ಅಪ್ಪ ಕೊಡೆ ಹಿಡಿದು, ಚೊಂಬು ತುಂಬಿಕೊಂಡು ಹಿತ್ತಲಿಗೆ ಇಳಿದ. ಮಳೆಯಲ್ಲಿ ಅದಕ್ಕೆ ನೀರು ಬೇಡ ಎಂದೆ.

"ಗೊತ್ತು ಕೂಸೇ," ಎಂದ, ನೀರು ಬಗ್ಗಿಸುತ್ತಲೇ. "ಅವಳಿಗೆ ಅಂತ ನಾ ಮಾಡ್ಬೇಕಾಗಿದ್ದ ರಿಪೇರಿ ಇದೊಂದೇ."