ಅಕ್ಕನ ಜಪಾನಿ ಚೀಟಿಗಳು

ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕೂತವನಿಗೆ ಮಾನ ಹೋಗುವುದು ಹೊಸ ವಿಷಯವಲ್ಲ. ಆದರೆ ಅದು ಹಿಂಬದಿಯಿಂದ ಹೋದದ್ದು ಆ ಸೋಮವಾರವೇ ಮೊದಲು. ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಅವನು ಫೈಲು ಹಿಡಿದುಕೊಂಡು ನಾಲ್ಕು ಕೋಣೆ ಸುತ್ತಿದ್ದ. ಹೋದಲ್ಲೆಲ್ಲ ಬೆನ್ನ ಹಿಂದೆ ಒಂದು ಕಿಸಕ್ಕು. ತಿರುಗಿ ನೋಡಿದರೆ ಎಲ್ಲರೂ ಎಂದೂ ಇಲ್ಲದ ಶ್ರದ್ಧೆಯಿಂದ ಕೆಲಸ ಮಾಡುತ್ತಿದ್ದರು. ಅನುಮಾನ ಬರಬೇಕಾದದ್ದೇ ಆಗ.

ಕೊನೆಗೆ ಮೇಲಧಿಕಾರಿ, "ಸ್ವಲ್ಪ ತಿರುಗಿ ನಿಂತ್ಕೊಳ್ರಿ" ಎಂದರು. ಪ್ಯಾಂಟಿನ ಹಿಂಭಾಗಕ್ಕೆ ಅಂಟಿದ್ದ ಹಳದಿ ಚೀಟಿಯ ಫೋಟೊ ತೆಗೆದು, ಅದರಲ್ಲಿದ್ದ ಸೊಟ್ಟ ಅಕ್ಷರಗಳನ್ನು ಫೋನಿನಿಂದಲೇ ಕನ್ನಡಕ್ಕೆ ತಿರುಗಿಸಿ ಓದಿಸಿದರು. ಫೋನು ಹೆಣ್ಣುದನಿಯಲ್ಲಿ ಸ್ಪಷ್ಟವಾಗಿ ಹೇಳಿತು: "ಕುರ್ಚಿ."

"ಇಷ್ಟು ವರ್ಷ ನಮಗೆ ಬರೀ ಅನುಮಾನ ಇತ್ತು," ಎಂದರು ಮೇಲಧಿಕಾರಿ. "ಈಗ ಲಿಖಿತವಾಗಿ ಬಂತು."

ಸಂಜೆ ಅವನು ಕೆಂಡಾಮಂಡಲವಾಗಿ ಮನೆಗೆ ಬಂದ. ಅಕ್ಕ ಊಟದ ಮೇಜಿನ ಮುಂದೆ ಕನ್ನಡಕ ಏರಿಸಿಕೊಂಡು ಇನ್ನಷ್ಟು ಚೀಟಿ ಬರೆಯುತ್ತಿದ್ದಳು. ಬಾಗಿಲಿಗೆ, ಗಡಿಯಾರಕ್ಕೆ, ಸಕ್ಕರೆ ಡಬ್ಬಕ್ಕೆ, ಕನ್ನಡಿಗೆ, ಮನೆಯಲ್ಲಿ ಅಲ್ಲಾಡದ ವಸ್ತುವಿಗೆಲ್ಲ ಜಪಾನಿ ಹೆಸರು ಅಂಟಿತ್ತು.

"ಅಕ್ಕಾ, ಇವತ್ತು ಆಫೀಸಲ್ಲಿ ನನ್ನ ಮರ್ಯಾದೆ ಮೂರಾಬಟ್ಟೆ ಆಯ್ತು."

"ಚೀಟಿ ತಂದ್ಯಾ?"

"ಏನು?"

"ಕುರ್ಚಿ ಚೀಟಿ ಕಣೋ. ಬೆಳಿಗ್ಗೆಯಿಂದ ಹುಡುಕ್ತಿದೀನಿ. ಕೊಡು ಇಲ್ಲಿ."

ಅವನು ಕಿಸೆಯಿಂದ ತೆಗೆದು ಕೊಟ್ಟ. ಎದುರು ಮಾತಾಡಿ ಗೆದ್ದ ಅಭ್ಯಾಸ ಅವನಿಗಿರಲಿಲ್ಲ. ಅಪ್ಪ ಅಮ್ಮ ತೀರಿಕೊಂಡಾಗ ಅವನಿಗೆ ಹತ್ತು, ಅಕ್ಕನಿಗೆ ಹದಿನೆಂಟು. ನರ್ಸ್ ತರಬೇತಿಗೆ ಹೋಗುತ್ತಲೇ ಅವಳು ಅವನ ಮೂಗು ಒರೆಸಿದಳು, ಮಗ್ಗಿ ಬಾಯಿಪಾಠ ಮಾಡಿಸಿದಳು, ಕಾಲಕ್ಕೆ ಸರಿಯಾಗಿ ಮದುವೆಯನ್ನೂ ಮಾಡಿಸಿದಳು. ತನ್ನ ಮದುವೆಯ ಮಾತು ಬಂದಾಗ ಮಾತ್ರ, "ಒಬ್ಬನ್ನ ಸಾಕಿದ್ದು ಸಾಕು" ಎಂದು ಬಿಟ್ಟಳು.

ಸರ್ಕಾರಿ ಆಸ್ಪತ್ರೆಯ ಇಂಜೆಕ್ಷನ್ ಕೋಣೆಯಲ್ಲಿ ಅವಳದು ಮೂವತ್ತಮೂರು ವರ್ಷ. ಊರಿಗೆಲ್ಲ ಅವಳು ಸೂಜಿ ಸಿಸ್ಟರ್. ಅವಳದೊಂದು ಕ್ರಮವಿತ್ತು. ರೋಗಿ ಬೇಡ ಎಂದರೆ ಅವಳು ಗದರಿಸುತ್ತಿರಲಿಲ್ಲ, ಪುಸಲಾಯಿಸುತ್ತಲೂ ಇರಲಿಲ್ಲ. ಟ್ರೇ ಕೆಳಗಿಟ್ಟು, ಸ್ಟೂಲು ಎಳೆದುಕೊಂಡು, ಗೋಡೆ ನೋಡುತ್ತ ಕೂರುತ್ತಿದ್ದಳು. "ಬೇಡ ಅನ್ನೋಕೂ ಜನಕ್ಕೆ ಸ್ವಲ್ಪ ಹೊತ್ತು ಬೇಕು. ಹೇಳಿ ಮುಗೀಲಿ" ಎನ್ನುತ್ತಿದ್ದಳು. ಎಷ್ಟೋ ಜನ ತಾವಾಗಿಯೇ ಅಂಗಿಯ ತೋಳು ಮೇಲಕ್ಕೆ ಮಡಚಿಕೊಳ್ಳುತ್ತಿದ್ದರು. ಮಡಚದವರಿದ್ದರೆ, 'ನಿರಾಕರಿಸಿದ್ದಾರೆ' ಎಂದು ಬರೆದು, ಸಿಟ್ಟಿಲ್ಲದೆ ಟ್ರೇ ಎತ್ತಿಕೊಂಡು ಹೋಗುತ್ತಿದ್ದಳು.

ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ ಅವಳು ಕಾಲು ಚಾಚಿ ಕೂರುತ್ತಾಳೆಂದು ತಮ್ಮ ಒಂದು ಒರಗು ಕುರ್ಚಿ ತಂದಿಟ್ಟ. ಆಗಲೇ ಒಂದು ಭಾನುವಾರ ಚರ್ಚಿನಲ್ಲಿ ಪಾದ್ರಿಯವರು ಮಿಷನ್ನಿನ ಪತ್ರ ಓದಿದರು. ಜಪಾನಿನ ಒಂದು ಸಣ್ಣ ಊರಲ್ಲಿ ಒಂಟಿ ಮುದುಕರ ಮನೆ ಮನೆಗೆ ಹೋಗಿ, ಅವರನ್ನು ವಿಚಾರಿಸಿಕೊಂಡು, ಕೇಳಿದರೆ ದೇವರ ಮಾತು ಹೇಳುವ ಒಬ್ಬರು ಬೇಕು, ಯಾರಾದರೂ ಇದ್ದೀರಾ ಎಂದು. ಸಭೆಯಲ್ಲಿದ್ದವರೆಲ್ಲ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಅಕ್ಕ ಕೈ ಎತ್ತಿದಳು.

"ಕಿಟಕಿ ಮುಚ್ಚಬೇಕಾ ಸಿಸ್ಟರ್?" ಎಂದರು ಪಾದ್ರಿಯವರು.

"ಇಲ್ಲ. ಜಪಾನಿಗೆ ಹೋಗ್ತೀನಿ."

ಪಾದ್ರಿಯವರು ಮನೆಗೇ ಬಂದು ಬುದ್ಧಿ ಹೇಳಿದರು. "ಐವತ್ತಾರು ವರ್ಷಕ್ಕೆ ಹೊಸ ಭಾಷೆ ಅಂದ್ರೆ ಹುಡುಗಾಟ ಅಲ್ಲ ಸಿಸ್ಟರ್. ಮೂರು ಥರದ ಅಕ್ಷರ ಇವೆಯಂತೆ."

"ಮೂವತ್ಮೂರು ವರ್ಷ ಡಾಕ್ಟರುಗಳ ಕೈಬರಹ ಓದಿದೀನಿ ಅಯ್ಯನವರೇ. ಅದರಲ್ಲಿ ಎಷ್ಟು ಥರ ಇತ್ತು ಅಂತ ಆ ದೇವರೇ ಬಲ್ಲ."

ಷರತ್ತು ಎರಡು. ಮನೆಯಲ್ಲೇ ಹನ್ನೆರಡು ವಾರ ಕಲಿತು, ಜಪಾನಿಯಲ್ಲಿ ಮೌಖಿಕ ಪರೀಕ್ಷೆ ಪಾಸಾಗಬೇಕು. ಹತ್ತಿರದ ಸಂಬಂಧಿಕರೊಬ್ಬರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಎರಡರಲ್ಲಿ ಒಂದು ತಪ್ಪಿದರೂ ಇಲ್ಲ. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮಿಷನ್ನಿನ ಮಿತಿ ದಾಟುತ್ತದೆ. ಹೋದರೆ ಈ ಸಲ, ಇಲ್ಲದಿದ್ದರೆ ಒರಗು ಕುರ್ಚಿ.

ಒಪ್ಪಿಗೆ ಪತ್ರವನ್ನು ತಮ್ಮ ಇಸಿದುಕೊಂಡ. "ನೋಡ್ತೀನಿ" ಎಂದ. ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಜನರ ಅರ್ಜಿಗಳನ್ನು ನೋಡಿದ್ದು ಹೇಗೋ ಹಾಗೆಯೇ ನೋಡಿದ. ಅಂದರೆ ಮನೆಯಲ್ಲಿದ್ದ ತನ್ನ ಮೇಜಿನ ಕೆಳಗಿನ ಡ್ರಾಯರಿನಲ್ಲಿ, ಹಳೇ ಕ್ಯಾಲೆಂಡರಿನ ಅಡಿಯಲ್ಲಿಟ್ಟ. ಕೌಂಟರಿಗೆ ಬಂದವರಿಗೆ ಅವನು ಹೇಳುತ್ತಿದ್ದುದು ಒಂದೇ ಮಾತು: "ನಾಳೆ ಬನ್ನಿ." ಅವನು ಕೆಟ್ಟವನಲ್ಲ. ನಾಳೆ ಎನ್ನುತ್ತ ಹೋದರೆ ಅರ್ಧ ತೊಂದರೆಗಳು ತಾವೇ ಸುಸ್ತಾಗಿ ಮಲಗುತ್ತವೆ ಎಂಬುದು ಅವನ ಅನುಭವ. ಅಕ್ಕನ ಜಪಾನೂ ಹಾಗೇ ಮಲಗುತ್ತದೆಂದು ಕಾದ.

ಅದು ಮಲಗಲಿಲ್ಲ. ಬೆಳಿಗ್ಗೆ ಏಳಕ್ಕೆ ಲ್ಯಾಪ್‌ಟಾಪಿನಲ್ಲಿ ಜಪಾನಿನ ಮುದುಕಿ ಟೀಚರು ಮಡಿಲಲ್ಲಿ ಬೆಕ್ಕು ಇಟ್ಟುಕೊಂಡು ಹಾಜರ್. ಎಂಟೂವರೆಗೆ ಮನೆಪಾಠ. ಮನೆಪಾಠವೆಂದರೆ ಬಾಗಿಲು ಬಡಿಯುವುದು. ಕಲಿಯುವವರು ಹೊರಗೆ ಹೋಗಿ ಕರೆಗಂಟೆ ಒತ್ತಬೇಕು, ಮನೆಯವರೊಬ್ಬರು ಜಪಾನಿ ಗೃಹಸ್ಥರಾಗಿ ಬಾಗಿಲು ತೆಗೆಯಬೇಕು. ತಮ್ಮನ ಹೆಂಡತಿ ಗೃಹಸ್ಥೆಯಾದರೆ ಮೊದಲ ಮಾತಿಗೇ ಒಳಗೆ ಕರೆದು ಕಾಫಿ ಕೊಟ್ಟುಬಿಡುತ್ತಿದ್ದಳು. ಅದು ಅಭ್ಯಾಸಕ್ಕೆ ಬರುವುದಿಲ್ಲ ಎಂದು ಟೀಚರು ತಕರಾರು ಮಾಡಿದರು. ಹಾಗಾಗಿ ಆ ಪಾತ್ರ ತಮ್ಮನಿಗೆ ಬಂತು.

"ಗೋಮೆನ್ ಕುದಸಾಯ್," ಎನ್ನುತ್ತಿದ್ದಳು ಅಕ್ಕ, ಮೆಟ್ಟಿಲ ಮೇಲೆ ಸೊಂಟ ಬಗ್ಗಿಸಿ. ಯಾರಾದರೂ ಇದ್ದೀರಾ, ಕ್ಷಮಿಸಿ, ಎಂದು ಅರ್ಥ.

"ಕೆಕ್ಕೋ ದೆಸ್." ಏನೂ ಬೇಡ ಎಂದು ಅರ್ಥ. ಅವನಿಗೆ ಬರುತ್ತಿದ್ದ ಜಪಾನಿ ಅಷ್ಟೇ. ಅಷ್ಟನ್ನೇ ಅವನು ಜೀವಮಾನದ ಅನುಭವವನ್ನೆಲ್ಲ ಸುರಿದು ಹೇಳಿ, ದಡ್ಡೆಂದು ಬಾಗಿಲು ಹಾಕುತ್ತಿದ್ದ.

"ಅಷ್ಟು ಜೋರಾಗಿ ಅಲ್ಲಿ ಯಾರೂ ಹಾಕಲ್ವಂತೆ ಕಣ್ರೀ," ಎಂದಳು ಹೆಂಡತಿ.

"ಕಷ್ಟದ್ದು ಅಭ್ಯಾಸ ಆಗ್ಲಿ."

"ನಿಮ್ಮ ಹೊಟ್ಟೇಲಿರೋದು ನಂಗೆ ಗೊತ್ತಿಲ್ವಾ? ಅಕ್ಕ ಹೋಗ್ಬಿಟ್ರೆ ಸಿಕ್ಕಾಪಟ್ಟೆ ಭಯ ನಿಮಗೆ. ಹೇಳಿ ಮುಗಿಸಿ."

ಅವನು ಮರುದಿನ ಇನ್ನೂ ಜೋರಾಗಿ ಬಾಗಿಲು ಹಾಕಿದ. ಮೂರನೆಯ ದಿನ ಅಗುಳಿ ಕಿತ್ತುಬಂತು. ಅಕ್ಕ ಕಿಟಕಿಯಿಂದಲೇ ಸ್ಕ್ರೂ ಡ್ರೈವರ್ ಕೇಳಿ ಈಸಿಕೊಂಡು, ಅದನ್ನು ತಾನೇ ಕೂರಿಸಿ, ಅದಕ್ಕೊಂದು ಚೀಟಿ ಅಂಟಿಸಿ, ಮತ್ತೆ ಕರೆಗಂಟೆ ಒತ್ತಿದಳು. ಹನ್ನೆರಡು ವಾರದಲ್ಲಿ ಅವಳ ಮುಖದ ಮೇಲೆ ಆ ಬಾಗಿಲು ಎಪ್ಪತ್ತೊಂದು ಸಲ ಮುಚ್ಚಿತು. ಒಂದು ಸಲವೂ ಅವಳು ಒಪ್ಪಿಗೆ ಪತ್ರದ ಸುದ್ದಿ ಎತ್ತಲಿಲ್ಲ.

ಪರೀಕ್ಷೆ ಶನಿವಾರ ಬೆಳಿಗ್ಗೆ. ಪರದೆಯ ಮೇಲೆ ಮೂರು ಮುಖ. ಅಡುಗೆಮನೆ ಬಾಗಿಲ ಸಂದಿಯಲ್ಲಿ ತಮ್ಮ ಮತ್ತು ಅವನ ಹೆಂಡತಿ. ದಿನಾ ಪಾಠ ಕೇಳಿಸಿಕೊಂಡು ಅವಳಿಗೂ ಒಂದಿಷ್ಟು ಜಪಾನಿ ಬಂದಿತ್ತು. ಪಿಸುಪಿಸು ಎಂದು ಗಂಡನಿಗೆ ಹೇಳುತ್ತಿದ್ದಳು.

ನರೆತ ತಲೆಯ ಪರೀಕ್ಷಕರೊಬ್ಬರು ಗೃಹಸ್ಥರಾದರು. ಅಕ್ಕ ತಪ್ಪುತ್ತ ತಡವರಿಸುತ್ತ ತನ್ನ ಪರಿಚಯ ಹೇಳಿದಳು. ಅವರು ಹೂ ಇಟ್ಟಷ್ಟು ಮೆತ್ತಗೆ, "ಬಂದದ್ದಕ್ಕೆ ವಂದನೆ. ಯೋಚಿಸಿ ನೋಡುತ್ತೇನೆ" ಎಂದರು.

"ಮುಗೀತು," ಎಂದಳು ಹೆಂಡತಿ. "ಅಲ್ಲಿ ಹಾಗಂದ್ರೆ ಬೇಡ ಅಂತ. ಟೀಚರು ಹತ್ತು ಸಲ ಹೇಳಿದಾರೆ. ಈಗ ನಮಸ್ಕಾರ ಮಾಡಿ ಹೊರಟ್ಬಿಡ್ಬೇಕು."

ಅಕ್ಕ ನಮಸ್ಕಾರ ಮಾಡಿದಳು. ಹೊರಡಲಿಲ್ಲ. ಪಕ್ಕದ ಸ್ಟೂಲು ಎಳೆದುಕೊಂಡಳು. "ನಾನು ಹೊರಗಡೆ ಇಲ್ಲೇ ಸ್ವಲ್ಪ ಕೂತಿರುತ್ತೇನೆ. ನಿಮಗೆ ತೊಂದರೆಯಾದರೆ ಹೇಳಿ, ಎದ್ದು ಹೋಗುತ್ತೇನೆ" ಎಂದು ಜಪಾನಿಯಲ್ಲಿ ಹೇಳಿ, ಕೈ ಮಡಿಲಲ್ಲಿಟ್ಟು ಗೋಡೆ ನೋಡತೊಡಗಿದಳು.

ಒಂದು ನಿಮಿಷ. ಎರಡು. ಮೂರು ಮುಖಗಳೂ ಒಂದನ್ನೊಂದು ನೋಡಿಕೊಂಡವು. ಎದ್ದು ಹೋಗಿ ಎಂದು ಯಾರೂ ಹೇಳಲಿಲ್ಲ.

ಆ ಸ್ಟೂಲು ತಮ್ಮನಿಗೆ ಗೊತ್ತು. ಹದಿನಾಲ್ಕನೆಯ ವಯಸ್ಸಿನಲ್ಲಿ ಪರೀಕ್ಷೆ ಫೇಲಾಗಿ, ಇನ್ನು ಶಾಲೆಗೆ ಹೋಗಲ್ಲ ಎಂದು ಮುಸುಕು ಹೊದ್ದು ಮಲಗಿದಾಗ ಅಕ್ಕ ಹಾಸಿಗೆಯ ಪಕ್ಕ ಹೀಗೇ ಕೂತಿದ್ದಳು. ಅವತ್ತು ಅವನು ಇಪ್ಪತ್ತು ನಿಮಿಷ ತಡೆದಿದ್ದ. ಈಗ ವಯಸ್ಸಾಗಿದೆ, ನಾಲ್ಕಕ್ಕೇ ಸೋತ. ಕೋಣೆಗೆ ಹೋಗಿ ಡ್ರಾಯರ್ ಎಳೆದ. ಕ್ಯಾಲೆಂಡರ್ ಸರಿಸಿ, ಪತ್ರ ತೆಗೆದು, ಸಹಿ ಹಾಕಿದ.

ತಿರುಗಿ ಬರುವಷ್ಟರಲ್ಲಿ ನರೆತ ತಲೆಯವರು ಮಾತು ಶುರುಮಾಡಿದ್ದರು.

"ಏನಂತೆ?"

"ಮಂಡಿ ನೋವಂತೆ. ಹೋದ ಚಳಿಗಾಲದಿಂದ. ಮೆಟ್ಟಿಲು ಹತ್ತೋಕೆ ಆಗ್ತಿಲ್ವಂತೆ. ಪಾತ್ರದ್ದಲ್ಲ ಕಣ್ರೀ, ಅವರದ್ದೇ."

ಕಾಲು ಗಂಟೆ ಅವರಿಬ್ಬರೂ ಮಂಡಿಯ ವಿಷಯ ಮಾತಾಡಿದರು. ಅಕ್ಕನ ಜಪಾನಿ ಆ ಮಂಡಿಗಿಂತ ಹೆಚ್ಚು ಕುಂಟುತ್ತಿತ್ತು. ಕೊನೆಗೆ ಪರೀಕ್ಷಕರು, ವ್ಯಾಕರಣ ಬಹಳ ದುರ್ಬಲ ಎಂದು ಬೇಸರದಿಂದ ತಿಳಿಸಿದರು. ವೀಸಾಕ್ಕೆ ಫೋಟೊ ಕಳಿಸಿ ಎಂದೂ ತಿಳಿಸಿದರು.

ತಮ್ಮ ಒಪ್ಪಿಗೆ ಪತ್ರವನ್ನು ಮೇಜಿನ ಮೇಲಿಟ್ಟ. ಅಕ್ಕ ಸಹಿ ನೋಡಿದಳು. "ತಾರೀಖು ಹಾಕಿಲ್ಲ" ಎಂದಳು. ಅವನು ತಾರೀಖು ಹಾಕಿದ.

"ಇದು ಎಲ್ಲಿತ್ತು ಅಂತ ನಿಂಗೆ ಗೊತ್ತಿತ್ತಾ?"

"ಮನೇಲಿರೋ ಡ್ರಾಯರಿಗೆಲ್ಲ ಚೀಟಿ ಅಂಟಿಸಿದ್ದು ಯಾರು?"

ಅವನು ಎಷ್ಟೋ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದ. "ಅಲ್ಲಾ, ಬೇರೆ ಡ್ರಾಯರಿಗೆಲ್ಲ ಗಿಡ್ಡ ಚೀಟಿ ಇದೆ. ನಂದಕ್ಕೆ ಮಾತ್ರ ಇಷ್ಟುದ್ದ ಏನು ಬರೆದಿದೀಯ?"

ಅಕ್ಕ ಪತ್ರ ಮಡಚಿ ಲಕೋಟೆಗೆ ಹಾಕಿದಳು.

"ನಾಳೆ ಬನ್ನಿ ಅಂತ."